ಹೆರಾತಿನಲ್ಲಿ ನಿಂತು ಇಸ್ಫಹಾನಿನಲ್ಲಿ ಮುಂದುವರಿದ ಪ್ರತಿ: ಅತ್ತಾರನ ‘ಮಂತಿಕುತ್ತೈರ್’ ಹಸ್ತಪ್ರತಿಯೊಂದರ ಪರಿಶೀಲನೆ

ತ್ರುಟಿತ ಪ್ರತಿ ಎಂದೊಡನೆ ನಮ್ಮ ಗ್ರಂಥಸಂಪಾದಕರ ಮನಸ್ಸಿಗೆ ಬರುವುದು ಹುಳು ತಿಂದ ಓಲೆ, ಕಳೆದುಹೋದ ಮೊದಲ ಗರಿ, ಮುರಿದ ಕೊನೆಯ ಗರಿ. ಪಠ್ಯ ಕೊನೆಮುಟ್ಟಿದ್ದರೂ ಪುಸ್ತಕ ಅರ್ಧಕ್ಕೆ ನಿಂತ ಪ್ರತಿಗಳನ್ನು ಈ ಗುಂಪಿಗೆ ಸೇರಿಸುವ ರೂಢಿ ಇಲ್ಲ. 1963ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ, ಫರೀದುದ್ದೀನ್ ಅತ್ತಾರನ ‘ಮಂತಿಕುತ್ತೈರ್’ ಕಾವ್ಯದ ಪ್ರತಿ ಅಂಥದು. ಅದರಲ್ಲಿ ಕಾಣುವ ಅಪೂರ್ಣತೆ ಕಾಲ ತಂದ ಹಾನಿಯಲ್ಲ, ಅದನ್ನು ಸಿದ್ಧಪಡಿಸಿದ ಕಾರ್ಯಾಗಾರದ ಕೆಲಸದ ರೀತಿಗೆ ಸಾಕ್ಷಿ ಎಂಬುದು ಈ ಲೇಖನದ ವಾದ.

ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ನಿಶಾಪುರದ ಅತ್ತಾರ ರಚಿಸಿದ ಈ ಮಸ್ನವಿಯಲ್ಲಿ ಸುಮಾರು 4,500 ದ್ವಿಪದಿಗಳಿವೆ. ಹುದ್‌ಹುದ್ ಹಕ್ಕಿಯ ಮುಂದಾಳುತನದಲ್ಲಿ ಪಕ್ಷಿಸಂಕುಲ ತನ್ನ ರಾಜ ಸೀಮುರ್ಗನನ್ನು ಅರಸಿ ಹೊರಡುತ್ತದೆ. ಏಳು ಕಣಿವೆಗಳನ್ನು ದಾಟುವ ಹೊತ್ತಿಗೆ ಮೂವತ್ತು ಹಕ್ಕಿಗಳಷ್ಟೇ ಉಳಿದಿರುತ್ತವೆ. ಅರಸಿದ್ದು ತಾವೇ ಎಂದು ಅವು ಕಂಡುಕೊಳ್ಳುತ್ತವೆ. ಈ ಚೌಕಟ್ಟಿನೊಳಗೆ ದೃಷ್ಟಾಂತ ಕಥೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಪಂಚತಂತ್ರ ಓದಿದವರಿಗೆ ಈ ಕಟ್ಟು ಹೊಸದಲ್ಲ. ಒಂದೊಂದು ಕಥೆಯೂ ತಾನೇ ತಾನಾಗಿ ನಿಲ್ಲಬಲ್ಲದ್ದರಿಂದ ಚಿತ್ರಕಾರನಿಗೆ ಎಲ್ಲಿ ಬೇಕಾದರೂ ಕೆಲಸ ಹಿಡಿಯುವ ಅನುಕೂಲವಿತ್ತು. ಮುಂದಿನ ವಾದಕ್ಕೆ ಇದು ಮುಖ್ಯ.

ಪ್ರತಿಯ ಪುಷ್ಪಿಕೆ ತನ್ನ ಕಾಲವನ್ನು ನೇರವಾಗಿ ಹೇಳುವುದಿಲ್ಲ. ಒಂಬೈನೂರಕ್ಕೆ ಮುಂಚಿನ ಕೊನೆಯ ಹತ್ತು ವರ್ಷಗಳಲ್ಲಿ ಎರಡನೆಯದು, ಅದರ ಐದನೆಯ ತಿಂಗಳು, ಮೊದಲ ದಿನ ಎಂದು ಒಗಟಿನ ರೀತಿಯಲ್ಲಿ ಸೂಚಿಸುತ್ತದೆ. ಬಿಡಿಸಿದರೆ ಹಿಜರಿ 892ರ ಜುಮಾದಾ ಅವ್ವಲ್ 1, ಅಂದರೆ 1487ರ ಏಪ್ರಿಲ್ 25. ಆಗ ಹೆರಾತಿನಲ್ಲಿ ಆಳುತ್ತಿದ್ದವನು ತೈಮೂರಿ ಸುಲ್ತಾನ್ ಹುಸೇನ್ ಬೈಕರಾ. ಬೀದರಿನ ಮಹಮೂದ್ ಗವಾನ್ ಪತ್ರವ್ಯವಹಾರ ನಡೆಸಿದ್ದ ಕವಿ ಜಾಮಿ ಇದ್ದುದೂ ಅದೇ ಊರಿನಲ್ಲಿ. ಬರಹ ಪ್ರಸಿದ್ಧ ಲಿಪಿಕಾರ ಸುಲ್ತಾನ್ ಅಲಿ ಮಶ್‌ಹದಿಯದು ಎನ್ನಲಾಗಿದೆ. ಅವನ ನಸ್ತಾಲಿಕ್ ಲಿಪಿಯ ಬರಹ ಕಾವ್ಯವನ್ನು ಕೊನೆಮುಟ್ಟಿಸಿತು. ಚಿತ್ರಗಳಿಗೆಂದು ಬಿಟ್ಟ ಜಾಗಗಳೆಲ್ಲ ಮಾತ್ರ ಆಗ ತುಂಬಲಿಲ್ಲ.

ಹೆರಾತಿನಲ್ಲಿ ಮುಗಿದವು ನಾಲ್ಕು ಚಿತ್ರಗಳು. ಉಳಿದ ನಾಲ್ಕನ್ನು ಸುಮಾರು 1600ರಲ್ಲಿ, ಸಫವಿ ದೊರೆ ಶಾ ಅಬ್ಬಾಸನ ಕಾಲದ ಇಸ್ಫಹಾನಿನಲ್ಲಿ ಬರೆಸಿ ಸೇರಿಸಲಾಯಿತು. ಈ ಎಂಟರಲ್ಲಿ ಐದು ಎಲ್ಲೆಲ್ಲಿವೆ ಎಂಬುದನ್ನು ಗಮನಿಸಬೇಕು. ಪಕ್ಷಿಗಳ ಸಭೆ 11ನೆಯ ಹಾಳೆಯಲ್ಲಿದೆ, ಶೇಖ್ ಸನ್‌ಆನನ ಚಿತ್ರ 18ನೆಯದರಲ್ಲಿ, ಇವೆರಡೂ ಇಸ್ಫಹಾನಿನವು. ತಂದೆಯ ಶವಪೆಟ್ಟಿಗೆಯ ಮುಂದೆ ಗೋಳಿಡುವ ಮಗ 35ರಲ್ಲಿ, ನೀರಿಗೆ ಬಿದ್ದ ಗಡ್ಡದವನು 44ರಲ್ಲಿ, ಮೈಹನಾದ ಶೇಖ್ ಮತ್ತು ಹಳ್ಳಿಯ ಮುದುಕ 49ರಲ್ಲಿ; ಇವು ಹೆರಾತಿನವು. ಹಳೆಯವು ಹಿಂದೆ, ಹೊಸವು ಮುಂದೆ! ಚಿತ್ರಕಾರರು ಮೊದಲ ಪುಟದಿಂದ ಹೊರಟಿದ್ದರೆ ಖಾಲಿ ಜಾಗಗಳು ಕೊನೆಯಲ್ಲಿ ಉಳಿಯಬೇಕಿತ್ತು. ಕಟ್ಟು ಹಾಕದ ಬಿಡಿ ಹಾಳೆಗಳನ್ನು ಬೇರೆಬೇರೆ ಕೈಗಳಿಗೆ ಹಂಚಿ ಕೆಲಸ ಮಾಡಿಸಿದರು ಎಂಬುದೇ ಇದಕ್ಕೆ ಸರಳ ವಿವರಣೆ. ಮುಂಭಾಗದ ಹಾಳೆಗಳು ತಮ್ಮ ಸರದಿ ಬರುವ ಮುನ್ನವೇ ಕಾರ್ಯಾಗಾರದಿಂದ ಹೊರಬಿದ್ದಿರಬೇಕು.

ಹೆರಾತಿನ ಚಿತ್ರಗಳು ಕಥೆಯನ್ನು ಬರಿದೆ ಅನುಸರಿಸುವುದಿಲ್ಲ. ಕಾವ್ಯದಲ್ಲಿರುವುದು ಅಳುವ ಮಗ ಮತ್ತು ಅವನಿಗೆ ಬುದ್ಧಿ ಹೇಳುವ ಸೂಫಿ ಅಷ್ಟೆ. ಚಿತ್ರದ ಮೇಲರ್ಧದಲ್ಲಿ ಸ್ಮಶಾನವಿದೆ, ಅಲ್ಲಿ ಗೋರಿ ಸಿದ್ಧವಾಗುತ್ತಿದೆ. ಮುಳುಗುವವನ ಕಥೆಯಲ್ಲಿ ದಡದಿಂದ ಒಬ್ಬ, ಕೊರಳಿಗೆ ಕಟ್ಟಿಕೊಂಡ ಚೀಲ ಬಿಸಾಡು ಎನ್ನುತ್ತಾನೆ. ಇದು ಚೀಲವಲ್ಲ, ನನ್ನ ಗಡ್ಡ ಎಂದು ಉತ್ತರ ಬರುತ್ತದೆ. ಚಿತ್ರಕಾರ ಇದಕ್ಕೆ ಸೌದೆ ಕಡಿದು ಕತ್ತೆಗೆ ಹೇರುವವರನ್ನು ಸೇರಿಸಿದ್ದಾನೆ. ಇವರು ಕಾವ್ಯದಲ್ಲಿ ಇಲ್ಲವೇ ಇಲ್ಲ. ಇದನ್ನು ಬರಿಯ ಅಲಂಕಾರವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು: ಹೊರೆ ಹೊರಿಸುವವರನ್ನು ಹೊರೆ ಇಳಿಸಲಾರದವನ ಕಥೆಯೊಳಗೆ ತಂದದ್ದು ಕಾವ್ಯದ ಮೇಲಿನ ಭಾಷ್ಯವೇ ಸರಿ. ಈ ಚಿತ್ರಗಳು ಹೆರಾತಿನ ಪ್ರಸಿದ್ಧ ಚಿತ್ರಕಾರ ಬಿಹ್‌ಜಾದನ ಕೈಯವೇ ಎಂಬ ಚರ್ಚೆ ವಿದ್ವಾಂಸರನ್ನು ಬಹುಕಾಲ ಹಿಡಿದಿಟ್ಟಿದೆ. ನಮ್ಮ ಪ್ರಶ್ನೆಗೆ ಅದರಿಂದ ಬೆಳಕು ಕಡಿಮೆ.

ಇಸ್ಫಹಾನಿನ ಕಲಾವಿದರು ಹೆರಾತಿನ ಶೈಲಿಯನ್ನು ಬೇಕೆಂದೇ ಅನುಕರಿಸಿದರು. ಸಾವಾ ಊರಿನ ಹಬೀಬುಲ್ಲಾ ತನ್ನ ಹೆಸರು ಬರೆದಿರುವ ಪಕ್ಷಿಸಭೆ ಇದಕ್ಕೆ ಒಳ್ಳೆಯ ನಿದರ್ಶನ. ಬಂಡೆಯ ಹಿಂದೆ ನಿಂತ ಬೇಟೆಗಾರನ ಬಂದೂಕು ಮಾತ್ರ ಅದರ ಕಾಲವನ್ನು ಬಿಟ್ಟುಕೊಡುತ್ತದೆ. ಅತ್ತಾರನ ಕಥೆಗೆ ಆ ಬೇಟೆಗಾರ ಬೇಕಿರಲಿಲ್ಲ. ಹೆರಾತಿನವರು ಸೌದೆಯವರನ್ನು ತಂದ ಹಾಗೆ ಇವನೂ ಹೊರಗಿನಿಂದ ಬಂದವನು. ಅನುಕರಣೆ ವರ್ಣ ರೇಖೆಗಳಿಗೆ ನಿಲ್ಲದೆ ಓದುವ ಕ್ರಮದವರೆಗೂ ಹೋಗಿತ್ತು.

ಚಿತ್ರಗಳು ಸೇರಿದ ಮೇಲೆ, 1608–09ರಲ್ಲಿ, ಶಾ ಅಬ್ಬಾಸ್ ಪ್ರತಿಯನ್ನು ಅರ್ದಬೀಲಿನ ಶೇಖ್ ಸಫಿಯ ದರ್ಗಾಕ್ಕೆ ವಕ್ಫ್ ಮಾಡಿದ. ಅವನ ಮುದ್ರೆ ಪ್ರತಿಯ ಮೇಲಿದೆ. ಆ ಭಂಡಾರದ ಬಹುಭಾಗ 1828ರಲ್ಲಿ ರಷ್ಯದ ಸೈನ್ಯದ ಕೈಸೇರಿ ಸೇಂಟ್ ಪೀಟರ್ಸ್‌ಬರ್ಗ್ ಸೇರಿತು; ಈ ಪ್ರತಿ ಮಾತ್ರ ಕೊನೆಗೆ ನ್ಯೂಯಾರ್ಕ್ ಮುಟ್ಟಿತು.

ಹೀಗೆ ಒಂದೇ ಕಟ್ಟಿನಲ್ಲಿ ಬರಹಕ್ಕೆ ಒಂದು ಕಾಲ, ಚಿತ್ರಗಳಿಗೆ ಎರಡು, ಮುದ್ರೆಗೆ ಇನ್ನೊಂದು. ವಿಜಯಪುರದ ಅಸಾರ್ ಮಹಲಿನಿಂದ 1853ರಲ್ಲಿ ಲಂಡನ್ನಿಗೆ ಹೋದ ಅರಬ್ಬಿ, ಪಾರಸಿ ಪ್ರತಿಗಳ ಮೇಲೂ ಒಡೆಯರು ಒತ್ತಿದ ಮುದ್ರೆಗಳಿವೆ. ಅವುಗಳನ್ನಾಗಲಿ ನಮ್ಮ ದರ್ಗಾಗಳಲ್ಲಿ ಉಳಿದಿರುವ ಪ್ರತಿಗಳನ್ನಾಗಲಿ ಪಟ್ಟಿಮಾಡುವ ಕನ್ನಡ ಸಂಶೋಧಕರು ಪುಷ್ಪಿಕೆಯ ಇಸವಿಯೊಂದನ್ನೇ ಬರೆದು ಮುಗಿಸದೆ ಬರಹ, ಚಿತ್ರ, ಕಟ್ಟು, ಮುದ್ರೆ ಇವುಗಳ ಕಾಲವನ್ನು ಬೇರೆಬೇರೆಯಾಗಿ ನಮೂದಿಸಬೇಕು.