ಆಮೆಯ ಮೊಟ್ಟೆ ಮಗುಚದಿರಲಿ

ಪುತ್ತೂರು ತಾಲ್ಲೂಕಿನ ಈಶ್ವರಮಂಗಲದಿಂದ ದಕ್ಷಿಣಕ್ಕೆ ಕೇರಳದ ಗಡಿ ದಾಟಿ ಸಾಗಿದರೆ ಪಯಸ್ವಿನಿ ನದಿ ಸಿಗುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು ಬರುವ ಈ ನದಿ ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನ ಬಳಿ ಸಮುದ್ರ ಸೇರುತ್ತದೆ. ಕ್ಯಾಂಟರ್‌ನ ದೈತ್ಯ ಮೃದುಚಿಪ್ಪಿನ ಆಮೆ ಇಲ್ಲಿಯ ಅಪರೂಪದ ನಿವಾಸಿ. ಒಂದು ಮೀಟರಿನಷ್ಟು ಉದ್ದ ಬೆಳೆಯಬಲ್ಲ ಈ ಪ್ರಾಣಿ ಹೆಚ್ಚಿನ ಕಾಲ ಮರಳಿನಲ್ಲಿ ಹುದುಗಿರುತ್ತದೆ. 1864ರಲ್ಲಿ ಜಾನ್ ಎಡ್ವರ್ಡ್ ಗ್ರೇ ಎಂಬ ಬ್ರಿಟಿಷ್ ಪ್ರಾಣಿವಿಜ್ಞಾನಿ ಇದಕ್ಕೆ ಡೆನ್ಮಾರ್ಕಿನ ಥಿಯೊಡರ್ ಕ್ಯಾಂಟರ್‌ನ ಹೆಸರಿಟ್ಟರು.

ಹೆಸರು ಹಳೆಯದಾದರೂ ಕೇರಳದಲ್ಲಿ ಇದರ ಇರವಿನ ಬಗ್ಗೆ ತಿಳಿದದ್ದು ಅಲ್ಪ. ಆಯುಷಿ ಜೈನ್ ಮತ್ತು ಸಂಗಡಿಗರು ನದಿತೀರದ ಜನರನ್ನೇ ವಿಚಾರಿಸುತ್ತ ಹುಡುಕಿದರು. ಮೊಟ್ಟೆಯಿಡುವ ಹೆಣ್ಣು ಕಂಡಿತು. ನೀರು ನುಗ್ಗಿದ ಗೂಡುಗಳಿಂದ ಮೊಟ್ಟೆಗಳನ್ನು ಉಳಿಸಿ, ಮರಿಗಳನ್ನು ನದಿಗೆ ಬಿಡಲಾಯಿತು. ಈ ಅಧ್ಯಯನ 2024ರಲ್ಲಿ ‘ಓರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ನೀರಿನ ಪ್ರಾಣಿಯ ಮೊಟ್ಟೆಗೆ ನೀರಿನಿಂದಲೇ ಅಪಾಯವೇ? ಹೌದು. ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಭ್ರೂಣಕ್ಕೆ ಆಕ್ಸಿಜನ್ ದೊರೆಯಬೇಕು. ಗೂಡು ಮುಳುಗಿದರೆ ಭ್ರೂಣ ಉಸಿರುಗಟ್ಟುತ್ತದೆ. ಹಾಗೆಂದು ಮೊಟ್ಟೆಗಳನ್ನು ಬಾಚಿ ಬುಟ್ಟಿಗೆ ತುಂಬುವಂತಿಲ್ಲ. ಏಕೆ?

ಕೋಳಿ ಮೊಟ್ಟೆ ಒಡೆದಾಗ ಹಳದಿ ಭಾಗದ ಎರಡೂ ಬದಿಗೆ ಬಿಳಿಯ ಹುರಿಯಂಥ ಎಳೆಗಳನ್ನು ನೀವು ನೋಡಿರಬಹುದು. ಹಳದಿಯನ್ನು ಅವು ನಡುವೆ ಹಿಡಿದಿಡುತ್ತವೆ. ಕಾವು ಕೂತ ಕೋಳಿ ಮೊಟ್ಟೆಗಳನ್ನು ಹೊರಳಿಸುತ್ತಲೇ ಇರುತ್ತದೆ. ಆಮೆಯ ಮೊಟ್ಟೆಯಲ್ಲಿ ಅಂಥ ಎಳೆಗಳಿಲ್ಲ. ಮೊಟ್ಟೆಯಿಟ್ಟ ಬಳಿಕ ಭ್ರೂಣ ಮೇಲ್ಭಾಗಕ್ಕೆ ಬಂದು ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ಮಗುಚಿದರೆ ಭ್ರೂಣ ಹಳದಿಯ ಭಾರಕ್ಕೆ ಸಿಲುಕುತ್ತದೆ. ಕೋಮಲ ಪೊರೆಗಳು ಹರಿಯಬಹುದು. ಆಸ್ಟ್ರೇಲಿಯದ ಕಾಲಿನ್ ಲಿಂಪಸ್ ಮತ್ತು ಸಹೋದ್ಯೋಗಿಗಳು 1979ರಲ್ಲಿ ಕಡಲಾಮೆಯ ಮೊಟ್ಟೆಗಳ ಬಗ್ಗೆ ಇದನ್ನೇ ವರದಿ ಮಾಡಿದರು: ಇಟ್ಟು ಕೆಲವು ಗಂಟೆಗಳಾದ ಮೇಲೆ ಹೊರಳಿಸಿದ ಮೊಟ್ಟೆಗಳಲ್ಲಿ ಸಾವು ಹೆಚ್ಚು.

ಆದ್ದರಿಂದಲೇ ತಜ್ಞರು ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಅದೇ ಭಂಗಿಯಲ್ಲಿ ಎತ್ತಿ, ಅದೇ ಭಂಗಿಯಲ್ಲಿ ಹೂಳುತ್ತಾರೆ.

ಕಾಡು ಆಮೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಹೊಳೆಬದಿಯಲ್ಲಿ ಗೂಡು ಕಂಡರೆ ಮುಟ್ಟಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ರಸ್ತೆ ದಾಟುತ್ತಿರುವ ಆಮೆಯನ್ನು ಬಾಲ ಹಿಡಿದು ಎತ್ತಬೇಡಿ. ಅದು ಹೊರಟ ದಿಕ್ಕಿಗೇ ದಾಟಲು ಬಿಡಿ. ಅನಿವಾರ್ಯವಾಗಿ ಮುಟ್ಟಿದರೆ ಸಾಬೂನಿನಿಂದ ಕೈ ತೊಳೆಯಿರಿ. ಆಮೆಯ ಮೈಮೇಲೆ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರಬಹುದು.