ಖಾಲಿಯಾದ ಮನೆಯಲ್ಲಿ ತೆರೆದ ಶಾಲೆ

ಹೈದರಾಬಾದಿನ ಹಳೆಯ ನಗರದಲ್ಲಿ ‘ಮೆಹಬೂಬ್ ಕಿ ಮೆಹಂದಿ’ ಎಂಬ ಬೀದಿಯೊಂದಿತ್ತು. ಹೆಸರು ಮದುವೆಮನೆಯ ಸಂಭ್ರಮವನ್ನು ನೆನಪಿಸಿದರೂ, ಅದು ಹೆಣ್ಣಿನ ದೇಹಕ್ಕೆ ಬೆಲೆ ಕಟ್ಟುವ ಕೇರಿಯಾಗಿತ್ತು. 1996ರಲ್ಲಿ ಅದನ್ನು ತೆರವುಗೊಳಿಸಲಾಯಿತು. ಬೀದಿ ಬರಿದಾಯಿತು, ಆದರೆ ಅಲ್ಲಿದ್ದ ಸ್ತ್ರೀಯರು ಮಕ್ಕಳನ್ನು ಕಟ್ಟಿಕೊಂಡು ನೆಲೆ ತಪ್ಪಿದರು. ಮನೆಯ ಬಾಗಿಲಿಗೆ ಬೀಗ ಹಾಕಿದ ಮಾತ್ರಕ್ಕೆ ವ್ಯಾಪಾರ ನಿಲ್ಲುವುದಿಲ್ಲ, ಅದು ಬೇರೆ ಓಣಿಗೆ ಸರಿದುಹೋಗುತ್ತದೆ. ತಾಯಿಯನ್ನು ಮಾರಿದವರಿಗೆ ಮಗಳೂ ಬೇಕಾಗುತ್ತಾಳೆ.

ಇದನ್ನು ಅರಿತ ಇಬ್ಬರು ಅಲ್ಲಿ ಕೈಜೋಡಿಸಿದರು. ಒಬ್ಬರು ಜೋಸ್ ವೆಟ್ಟಿಕ್ಕಾಟಿಲ್, ಕಥೋಲಿಕ ಧಾರ್ಮಿಕ ಸಹೋದರರು. ಯಾಜಕ ದೀಕ್ಷೆ ಪಡೆಯದೆ ವ್ರತಬದ್ಧರಾಗಿ ದುಡಿಯುವ ಇಂಥ ಸಹೋದರರ ಸೇವೆ ನಮ್ಮ ಧರ್ಮಕೇಂದ್ರಗಳಲ್ಲಿ ಚರ್ಚೆಗೆ ಬರುವುದು ತೀರಾ ವಿರಳ. ಇನ್ನೊಬ್ಬರು ಸುನೀತಾ ಕೃಷ್ಣನ್. 1972ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಆಕೆ ಸಮಾಜಕಾರ್ಯದ ಸ್ನಾತಕೋತ್ತರ ಶಿಕ್ಷಣ ಪಡೆದದ್ದು ಮಂಗಳೂರಿನ ರೋಶನಿ ನಿಲಯದಲ್ಲಿ. ಹದಿನೈದರ ಹರೆಯದಲ್ಲಿ ತಾವು ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದುದನ್ನು ಆಕೆಯೇ ಬಹಿರಂಗವಾಗಿ ಹೇಳಿದ್ದಾರೆ. 1996ರಲ್ಲಿ ಬೆಂಗಳೂರಿನಲ್ಲಿ ಜರುಗಿದ ವಿಶ್ವಸುಂದರಿ ಸ್ಪರ್ಧೆಯನ್ನು ವಿರೋಧಿಸಿ ಸೆರೆಮನೆಯನ್ನೂ ಕಂಡರು. ಆಕೆಯ ಮುಂದಿನ ಕಾರ್ಯಕ್ಷೇತ್ರ ಹೈದರಾಬಾದ್ ಆಯಿತು.

ಇವರಿಬ್ಬರ ‘ಪ್ರಜ್ವಲ’ ಸಂಸ್ಥೆ ಆರಂಭವಾದದ್ದು ಪೊಲೀಸ್ ದಾಳಿಯಿಂದಲ್ಲ, ಒಂದು ಪುಟ್ಟ ಶಾಲೆಯಿಂದ. ತೆರವಾದ ವೇಶ್ಯಾಗೃಹವೊಂದರಲ್ಲೇ ಆ ಸ್ತ್ರೀಯರ ಮಕ್ಕಳಿಗೆ ಪಾಠ ತೊಡಗಿತು. ಎರಡನೆಯ ತಲೆಮಾರು ಅದೇ ಕೂಪಕ್ಕೆ ಬೀಳದಿರಲೆಂಬುದೇ ಅದರ ಉದ್ದೇಶ. ಹಣವೆಲ್ಲಿಂದ ಬರಬೇಕು? ಆರಂಭದ ವರ್ಷಗಳಲ್ಲಿ ಸುನೀತಾ ತಮ್ಮ ಒಡವೆಗಳನ್ನು, ಕೊನೆಗೆ ಅಡುಗೆಮನೆಯ ಪಾತ್ರೆಗಳನ್ನೂ ಮಾರಿದರು. ಒಂದು ಕಾಲದಲ್ಲಿ ಎಳೆಯ ಹುಡುಗಿಯರ ಬೆಲೆ ನಿಗದಿಯಾಗುತ್ತಿದ್ದ ಕೋಣೆಯಲ್ಲಿ ಮಕ್ಕಳು ಅಕ್ಷರ ತಿದ್ದುತ್ತಿದ್ದುದನ್ನು ಊಹಿಸಿಕೊಂಡರೆ ಸಾಕು, ಹೆಚ್ಚಿನ ವಿವರಣೆ ಬೇಕಿಲ್ಲ.

ಆದರೆ ಮಗು ಸಂಜೆ ಮರಳುವುದು ತಾಯಿಯ ಬಳಿಗೆ. ತಾಯಿಗೆ ಬಿಡುಗಡೆಯಿಲ್ಲದೆ ಮಗುವಿಗೆ ರಕ್ಷಣೆಯಿಲ್ಲ. ಹೀಗೆ ಶಾಲೆಯ ಕಾರ್ಯ ರಕ್ಷಣೆಯ ಕಾರ್ಯಕ್ಕೆ ವಿಸ್ತರಿಸಿತು. ನಮ್ಮ ದೇಶದಲ್ಲಿ 1956ರ ಕಾಯಿದೆಯೊಂದು ಇದ್ದೇ ಇದೆ. 1986ರ ತಿದ್ದುಪಡಿಯಲ್ಲಿ ಅದರ ಹೆಸರೂ ಬದಲಾಯಿತು. ಆದರೂ ಗಿರಾಕಿಗಳನ್ನು ಕರೆದಳೆಂದು ಸ್ತ್ರೀಯನ್ನೇ ದಂಡಿಸುವ ಕಲಮು ಅದರಲ್ಲಿ ಉಳಿದುಕೊಂಡಿತು. ಎಷ್ಟೋ ದಾಳಿಗಳಲ್ಲಿ ಮಾರಿದವನು ನುಣುಚಿಕೊಳ್ಳುತ್ತಾನೆ, ಮಾರಾಟವಾದವಳು ಆರೋಪಿಯಾಗುತ್ತಾಳೆ. ಆದ್ದರಿಂದಲೇ ಪೊಲೀಸರ ಜೊತೆಗೆ ಆಪ್ತಸಮಾಲೋಚಕರೂ ಹೋಗಬೇಕಾಯಿತು. ಬೆದರಿಕೆ, ಸಾಲ, ಅಮಲು ಪದಾರ್ಥಗಳಿಂದ ಜರ್ಜರಿತಳಾದ ಹುಡುಗಿ ರಕ್ಷಿಸಲು ಬಂದವರನ್ನೇ ವೈರಿಗಳೆಂದು ಭಾವಿಸುವುದುಂಟು. ಕಾರ್ಯಕರ್ತರ ಮೇಲೆ ಹಲ್ಲೆಗಳೂ ನಡೆದವು. ಸುನೀತಾ ಅವರ ಒಂದು ಕಿವಿಯ ಶ್ರವಣಶಕ್ತಿಗೆ ಇಂಥದೇ ಹೊಡೆತದಿಂದ ಹಾನಿಯಾಯಿತು.

ಹೊರಗೆ ಬಂದ ಮೇಲೆ ಏನು? ಹೊಲಿಗೆ, ಕಸೂತಿ ಎಂಬುದು ನಮ್ಮ ಸೇವಾಸಂಸ್ಥೆಗಳ ಸಿದ್ಧ ಉತ್ತರ. ಪ್ರಜ್ವಲ ಬೇರೆ ದಾರಿ ಹಿಡಿಯಿತು. ವೆಲ್ಡಿಂಗ್, ಬಡಗಿತನ, ಗಾರೆ ಕೆಲಸ, ಮುದ್ರಣ, ಪುಸ್ತಕ ಕಟ್ಟುವುದು, ಇವೆಲ್ಲವನ್ನೂ ಈ ಸ್ತ್ರೀಯರಿಗೆ ಕಲಿಸಿತು. ಪರರ ಭೋಗಕ್ಕೆ ಬಳಕೆಯಾದ ದೇಹವೇ ಕಬ್ಬಿಣವನ್ನು ಬೆಸೆಯುವಾಗ ತನ್ನ ಬಲವನ್ನು ತಾನು ಮತ್ತೆ ಕಾಣುತ್ತದೆ. ಸಂಸ್ಥೆಯ ಕಾರ್ಯಗಳಲ್ಲಿ ಅತ್ಯಂತ ವಿವೇಕದ್ದು ಇದೇ ಎಂದು ನನಗನಿಸುತ್ತದೆ. ಕಳ್ಳಸಾಗಣೆಯ ಜಾಲದಿಂದ ಪಾರಾಗಿ ಬಂದವರೇ ಮುಂದೆ ಅಲ್ಲಿ ಕಾರ್ಯಕರ್ತೆಯರಾದರು. ಈವರೆಗೆ 20,000ಕ್ಕೂ ಹೆಚ್ಚು ಮಂದಿಯನ್ನು ಬಿಡಿಸಿರುವುದಾಗಿ ಸಂಸ್ಥೆ ಹೇಳುತ್ತದೆ.

ಇಂಥ ರಕ್ಷಣಾಕಾರ್ಯದ ಬಗ್ಗೆ ಟೀಕೆಗಳೂ ಇವೆ. 1956ರ ಅದೇ ಕಾಯಿದೆಯ ಪ್ರಕಾರ ಮ್ಯಾಜಿಸ್ಟ್ರೇಟರು ರಕ್ಷಿಸಲ್ಪಟ್ಟವಳನ್ನು ಒಂದರಿಂದ ಮೂರು ವರ್ಷಗಳವರೆಗೆ ಆಶ್ರಯಧಾಮದಲ್ಲಿ ಇರಿಸಬಹುದು. ಪ್ರಾಯಕ್ಕೆ ಬಂದ ಹೆಣ್ಣನ್ನು ಆಕೆಯ ಇಷ್ಟಕ್ಕೆ ವಿರುದ್ಧವಾಗಿ ಇರಿಸಿಕೊಳ್ಳುವುದು ರಕ್ಷಣೆಯೇ, ಬಂಧನವೇ? ಈ ಪ್ರಶ್ನೆಯನ್ನು ಶತ್ರುಗಳ ಮಾತೆಂದು ತಳ್ಳಿಹಾಕುವುದು ಸರಿಯಲ್ಲ.

2009ರ ನವೆಂಬರಿನಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ನಡೆದ ಟೆಡ್ ಸಮ್ಮೇಳನದಲ್ಲಿ ಸುನೀತಾ ಮಾತನಾಡಿದರು. ಗೂಂಡಾಗಳ ಹೊಡೆತಕ್ಕಿಂತ ಸಮಾಜ ಬಾಗಿಲು ಮುಚ್ಚುವುದೇ ತಮಗೆ ದೊಡ್ಡ ಅಡ್ಡಿ ಎಂಬುದು ಅವರ ಮಾತಿನ ತಿರುಳು. ಮರುಕಪಟ್ಟು ದಾನ ನೀಡುವವರು ಕೂಡ ಇವರಲ್ಲೊಬ್ಬಳನ್ನು ತಮ್ಮ ಮನೆಯ ಕೆಲಸಕ್ಕೆ ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ.

ಸಂಸ್ಥೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 2015ರಲ್ಲಿ ಅತ್ಯಾಚಾರದ ದೃಶ್ಯಗಳು ಮೊಬೈಲುಗಳಲ್ಲಿ ಹರಿದಾಡತೊಡಗಿದಾಗ, ಆಗಿನ ಮುಖ್ಯ ನ್ಯಾಯಮೂರ್ತಿ, ಕನ್ನಡಿಗರಾದ ಎಚ್. ಎಲ್. ದತ್ತು ಅವರಿಗೆ ಪ್ರಜ್ವಲ ಪತ್ರ ಬರೆಯಿತು. ಆ ಪತ್ರವೇ ಸುಪ್ರೀಂ ಕೋರ್ಟಿನಲ್ಲಿ ಪ್ರಕರಣವಾಯಿತು. ಅದರ ವಿಚಾರಣೆ ಮುಂದುವರಿದು, ಇಂಥ ದೃಶ್ಯಗಳ ವಿರುದ್ಧ ಹೆಸರು ಹೇಳದೆ ದೂರು ಸಲ್ಲಿಸಲು ಕೇಂದ್ರ ಸರ್ಕಾರ 2018ರಲ್ಲಿ ಅಂತರಜಾಲ ತಾಣವನ್ನು ತೆರೆಯಿತು.

ಅದಕ್ಕೂ ಮೊದಲು, 2004ರಲ್ಲಿ, ಸಂತ್ರಸ್ತರ ರಕ್ಷಣೆಗೆ ರಾಷ್ಟ್ರವ್ಯಾಪಿ ವ್ಯವಸ್ಥೆ ಬೇಕೆಂದು ಸಂಸ್ಥೆ ಅರ್ಜಿ ಹಾಕಿತ್ತು. ಅದು ಇತ್ಯರ್ಥವಾಗಲು ಹನ್ನೊಂದು ವರ್ಷ ಹಿಡಿಯಿತು. 2015ರ ಡಿಸೆಂಬರಿನಲ್ಲಿ, ಪ್ರತ್ಯೇಕ ತನಿಖಾ ಸಂಸ್ಥೆ ಹಾಗೂ ಸಮಗ್ರ ಕಾಯಿದೆಯತ್ತ ಸರ್ಕಾರ ಕೈಗೊಳ್ಳಲಿದ್ದ ಕ್ರಮಗಳನ್ನು ನ್ಯಾಯಾಲಯ ದಾಖಲಿಸಿತು. ಮಸೂದೆ 2018ರ ಜುಲೈನಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಯಿತು. ರಾಜ್ಯಸಭೆಯ ಒಪ್ಪಿಗೆ ದೊರೆಯದೆ, 2019ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೆ ಅದೂ ಬಿದ್ದುಹೋಯಿತು.