ಅನ್ನ, ಔಷಧ ಮತ್ತು ರಾತ್ರಿ ಪಾಳಿ

"ವೃದ್ಧಾಶ್ರಮ ನಮ್ಮ ಸಂಸ್ಕೃತಿ ಅಲ್ಲ, ಪರದೇಶದಿಂದ ಬಂದದ್ದು" ಅನ್ನೋ ಮಾತು ನಮ್ಮ ಕಡೆ ಊಟದ ಪಂಕ್ತಿಯಲ್ಲೂ ಕೇಳಿಬರುತ್ತೆ. ನಮ್ಮ ಕಡೆ ಅಂದ್ರೆ ಯಲ್ಲಾಪುರದಿಂದ ಅಂಕೋಲೆಗೆ ಇಳಿಯೋ ದಾರಿಯ ಅರಬೈಲ್ ಘಟ್ಟದ ಆಸುಪಾಸು. ಈ ಮಾತು ಅರ್ಧ ಮಾತ್ರ ನಿಜ ಅಂತ ನನ್ನ ಅನಿಸಿಕೆ. ಉಳಿದರ್ಧಕ್ಕೆ ಸ್ವಲ್ಪ ಇತಿಹಾಸ ನೋಡೋಣ.

ತೀರಾ ದೂರ ಹೋಗಬೇಕಿಲ್ಲ. ಶಿರಸಿ ತಾಲೂಕಿನ ಬನವಾಸಿ ದಾಟಿ ಶಿಕಾರಿಪುರದ ಕಡೆ ಹೋದರೆ ಬಳ್ಳಿಗಾವಿ ಸಿಗುತ್ತೆ. ಅಲ್ಲಿನ ಕೇದಾರೇಶ್ವರ ಗುಡಿಗೆ ಸೇರಿದ್ದ ಕೋಡಿಯ ಮಠ ಕಾಳಾಮುಖ ಶೈವರದ್ದು. 1162ರ ಶಾಸನವೊಂದು ಆ ಮಠವನ್ನು ಬಾಯ್ತುಂಬಾ ಹೊಗಳುತ್ತೆ. ವ್ಯಾಕರಣ, ಷಡ್ದರ್ಶನ, ಪುರಾಣಗಳ ಪಾಠ ನಡೆಯೋ ಜಾಗ ಅಂತ ಶುರುವಾಗಿ, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಬೇರೆ ಬೇರೆ ಪಂಥದ ಭಿಕ್ಷುಗಳಿಗೆ ಅನ್ನ ಹಾಕೋ ಜಾಗ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗೋ ಜಾಗ ಅನ್ನುತ್ತೆ. ಎಂಟುನೂರು ವರ್ಷಕ್ಕೂ ಹಿಂದೆ! ಮನೆಯಿಲ್ಲದವರನ್ನು ಧರ್ಮದ ಹೆಸರಲ್ಲಿ ನೋಡಿಕೊಳ್ಳೋದು ನಮಗೆ ಹೊಸದಲ್ಲ ಅಂತಾಯ್ತು.

ಆದರೆ ಆ ಶಾಸನದ ಒತ್ತು ಅನ್ನ ಮತ್ತು ಔಷಧದ ಮೇಲೆ. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸೋದು, ಮೈ ಒರೆಸೋದು, ನಡುರಾತ್ರಿ ನೀರು ಕುಡಿಸೋದು... ಈ ಕೆಲಸಾನೇ ವ್ರತ ಮಾಡಿಕೊಂಡ ಕಥೆ ಬೇರೆ ಕಡೆಯದು.

1839ರಲ್ಲಿ ಫ್ರಾನ್ಸಿನ ಸಾಂ ಸೆರ್ವಾನ್ ಊರಲ್ಲಿ ಜಾನ್ ಜುಗಾನ್ ಅನ್ನೋ ಬಡ ಹೆಂಗಸು ಕಣ್ಣು ಕಾಣದ, ಲಕ್ವ ಹೊಡೆದ ಮುದುಕಿಯೊಬ್ಬಳನ್ನು ಮನೆಗೆ ಕರಕೊಂಡು ಬಂದು, ತನ್ನ ಹಾಸಿಗೆ ಬಿಟ್ಟುಕೊಟ್ಟು, ತಾನು ಅಟ್ಟದಲ್ಲಿ ಮಲಗಿದಳು. ಮುದುಕರ ಸಂಖ್ಯೆ ಹೆಚ್ಚಾದಾಗ ಬುಟ್ಟಿ ಹಿಡಿದು ಮನೆಮನೆ ಬೇಡಿದಳು. ನಮ್ಮ ಮಾತಲ್ಲಿ ಹೇಳೋದಾದ್ರೆ ಜೋಳಿಗೆ ಹಿಡಿದಳು. ಹೀಗೆ ಹುಟ್ಟಿದ್ದು 'ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್' ಸಂಸ್ಥೆ. ಮುಂದೆ ಅವಳನ್ನೇ ಮೂಲೆಗೆ ಸರಿಸಿದರು. 1879ರಲ್ಲಿ ಅವಳು ತೀರಿಕೊಂಡಾಗ, ಸಂಸ್ಥೆ ಕಟ್ಟಿದವಳು ಇವಳೇ ಅಂತ ಎಷ್ಟೋ ಎಳೆಯ ಸನ್ಯಾಸಿನಿಯರಿಗೆ ಗೊತ್ತೇ ಇರಲಿಲ್ಲ. ಸಂತ ಪದವಿ ಸಿಕ್ಕಿದ್ದು 2009ರಲ್ಲಿ.

ಈ ಸಿಸ್ಟರುಗಳು 1882ರಲ್ಲಿ ಕಲ್ಕತ್ತೆಗೆ, 1900ರಲ್ಲಿ ಬೆಂಗಳೂರಿಗೆ ಬಂದರು. ಹೊಸೂರು ರಸ್ತೆಯಲ್ಲಿ ಅವರ ಮನೆ ಇದೆ. ಸೇರೋಕೆ ಜಾತಿ ಧರ್ಮ ಕೇಳೋದಿಲ್ಲ; ವಯಸ್ಸಾಗಿರಬೇಕು, ಬಡವರಾಗಿರಬೇಕು. ಸೇರಿದವರನ್ನು ಕೊನೆಯುಸಿರಿನ ತನಕ ನೋಡಿಕೊಳ್ಳೋದು ಅವರ ಪದ್ಧತಿ.

ಈಗ ನಮ್ಮ ಘಟ್ಟದ ಮೇಲಿನ ಮನೆಗಳನ್ನು ನೋಡಿ. ಮಕ್ಕಳು ಬೆಂಗಳೂರಲ್ಲಿ, ಮನೇಲಿ ಆಯಿ ಅಪ್ಪಯ್ಯ ಇಬ್ಬರೇ. ಅಡಿಕೆ ತೋಟ ಇದೆ, ಬ್ಯಾಂಕಲ್ಲಿ ದುಡ್ಡೂ ಇದೆ. ಇವರು ಬಡವರಲ್ಲ, ಅನಾಥರೂ ಅಲ್ಲ. ಆದರೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದರೆ ಎತ್ತೋಕೆ ಜನ ಇಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸಬಹುದು, ರಾತ್ರಿ ಪಕ್ಕದಲ್ಲಿ ಕೂರೋರನ್ನು ಕೊಡಿಸೋಕಾಗಲ್ಲ.

ದಾನ ಕೊಡೋದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಅನ್ನದಾನಕ್ಕೆ ಕೇಳಿದರೆ ಅಕ್ಕಿ ಮೂಟೆ ಬಂದು ಬೀಳುತ್ತೆ. ಮೈ ಮುಟ್ಟಿ ಮಾಡೋ ಶುಶ್ರೂಷೆಯನ್ನೂ ಅಷ್ಟೇ ದೊಡ್ಡ ಪುಣ್ಯ ಅಂತ ಒಪ್ಪಿಕೊಳ್ಳೋದು ಯಾವಾಗ? ಮಠವೋ, ಇಗರ್ಜಿಯೋ, ಮಸೀದಿಯೋ, ಯಾರೇ ಮಾಡಲಿ, ರಾತ್ರಿ ಪಾಳಿಗೆ ಜನ ಬೇಕು.

ನಿಮ್ಮೂರಲ್ಲಿ ಇಂಥ ಜಾಗ ಇದ್ದರೆ ಅದರ ಕಥೆ ಬರೀರಿ. ಓದೋಕೆ ನಾನಂತೂ ಕಾಯ್ತಿರ್ತೀನಿ.